ಒಂದೇ ಗೇಟಿನೊಳಗೆ ಬಾಡಿಗೆಯವರು ಮತ್ತು ನಾವು: ಎಲ್ಲರೂ ಕೇಳುವ ಪ್ರಶ್ನೆಗೆ ನನ್ನ ಉತ್ತರ

ನಮ್ಮ ಮನೆ ಕಲಬುರಗಿಯ ಜೇವರ್ಗಿ ರಸ್ತೆಗೆ ಹತ್ತಿರದ ಬಡಾವಣೆಯಲ್ಲಿದೆ. ಕೆಳಗೆ ನಾವು, ಮೇಲೆ ಬಾಡಿಗೆಯವರು. ಹೊಸದಾಗಿ ಮನೆ ಕಟ್ಟಿಸುವವರು, ಮಕ್ಕಳು ಬೆಂಗಳೂರು, ಪುಣೆ ಸೇರಿದ ಮೇಲೆ ದೊಡ್ಡ ಮನೆಯಲ್ಲಿ ಇಬ್ಬರೇ ಉಳಿದವರು ನನ್ನನ್ನು ಕೇಳುವುದು ಒಂದೇ ಮಾತು: "ಅಕ್ಕಾ, ಅರ್ಧ ಮನೆ ಬಾಡಿಗೆಗೆ ಕೊಟ್ಟು ಅರ್ಧದಲ್ಲಿ ನಾವೇ ಇದ್ದರೆ ದಿನಾ ಕಿರಿಕಿರಿ ಆಗುವುದಿಲ್ಲವೇ?"

ಆಗುವುದಿಲ್ಲ. ಆದರೆ ಬಾಡಿಗೆಯವರು ಸಾಮಾನು ಇಳಿಸುವ ಮೊದಲೇ ಯಾವುದು ಅವರದು, ಯಾವುದು ನಿಮ್ಮದು ಎಂಬುದು ಇತ್ಯರ್ಥವಾಗಿರಬೇಕು. ಕರೆಂಟು, ನೀರು, ಮಾಳಿಗೆ (ಮನೆಯ ಮೇಲಿನ ತೆರೆದ ತಾರಸಿ) ಈ ಮೂರನ್ನು "ಆಮೇಲೆ ನೋಡೋಣ" ಎಂದು ಬಿಟ್ಟ ಮನೆಗಳಲ್ಲಿ ಮೊದಲ ಬೇಸಿಗೆಗೇ ಮನಸ್ಸು ಮುರಿಯುತ್ತದೆ.

ಕರೆಂಟಿನಿಂದ ಶುರು ಮಾಡುತ್ತೇನೆ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಊರಿನ ಬಿಸಿಲು 42, 43 ಡಿಗ್ರಿ ಮುಟ್ಟುತ್ತದೆ. ಆಗ ಮೇಲೊಂದು, ಕೆಳಗೊಂದು ಕೂಲರ್ ರಾತ್ರಿಯಿಡೀ ತಿರುಗುತ್ತವೆ. ಮನೆಗೆ ಇರುವುದು ಒಂದೇ ಮೀಟರ್ ಆದರೆ ಎರಡು ಸಂಸಾರದ ಬಳಕೆ ಸೇರಿ 200 ಯೂನಿಟ್ ದಾಟುವುದು ಖಂಡಿತ. ಸರ್ಕಾರದ ಉಚಿತ ಕರೆಂಟಿನ ಯೋಜನೆ ಗೃಹಜ್ಯೋತಿಯಲ್ಲಿ 200 ದಾಟಿದರೆ ಹೆಚ್ಚುವರಿ ಯೂನಿಟ್‌ಗಳಿಗಷ್ಟೇ ಅಲ್ಲ, ಇಡೀ ಬಿಲ್ಲಿಗೆ ದುಡ್ಡು ಕಟ್ಟಬೇಕು. ಆ ಬಿಲ್ಲು ಕೈಗೆ ಬಂದ ದಿನ ಯಾರ ಕೂಲರ್ ಎಷ್ಟು ಹೊತ್ತು ಓಡಿತು ಎಂಬ ಲೆಕ್ಕ ಶುರುವಾಗುತ್ತದೆ. ಸಬ್ ಮೀಟರ್ ಹಾಕಿಸಿದರೆ ಲೆಕ್ಕವೇನೋ ಸಿಗುತ್ತದೆ, ಆದರೆ ಸೌಲಭ್ಯ ಇಬ್ಬರ ಕೈಯಿಂದಲೂ ಹೋಗುತ್ತದೆ. ಆದ್ದರಿಂದ ನಮ್ಮ ಭಾಗದ ವಿದ್ಯುತ್ ಕಂಪನಿ ಜೆಸ್ಕಾಂಗೆ ಅರ್ಜಿ ಹಾಕಿ ಬಾಡಿಗೆ ಭಾಗಕ್ಕೆ ಬೇರೆಯೇ ಮೀಟರ್ ತೆಗೆದುಕೊಳ್ಳಿ. ಆ ಮೀಟರಿನ ಆರ್‌.ಆರ್. ನಂಬರಿಗೆ (ಬಿಲ್ಲಿನ ಮೇಲಿರುವ ಸಂಪರ್ಕ ಸಂಖ್ಯೆಗೆ) ಬಾಡಿಗೆಯವರು ತಮ್ಮ ಆಧಾರ್ ಜೋಡಿಸಿಕೊಂಡರೆ ಯೋಜನೆ ಅವರಿಗೂ ದಕ್ಕುತ್ತದೆ. ಮನೆ ಬಿಡುವಾಗ ಆ ಜೋಡಣೆ ತೆಗೆಸಿಕೊಂಡು ಹೋಗಲು ಹೇಳುವುದನ್ನು ಮರೆಯಬೇಡಿ. ತೆಗೆಸದಿದ್ದರೆ ಮುಂದೆ ಬರುವವರಿಗೆ ತೊಡಕಾಗುತ್ತದೆ.

ನೀರಿಗೂ ಇದೇ ಮಾತು. ಸಂಪ್ ಒಂದೇ ಇದ್ದರೂ ಮೇಲೆ ಎರಡು ಟ್ಯಾಂಕ್ ಇರಲಿ, ಎರಡಕ್ಕೂ ಬೇರೆ ಬೇರೆ ವಾಲ್ವ್ ಇರಲಿ. ಕೂಲರ್ ನೀರನ್ನೂ ಬಕೆಟ್‌ಗಟ್ಟಲೆ ಕುಡಿಯುತ್ತದೆ ಎಂಬುದು ಇಲ್ಲಿ ಬೇಸಿಗೆ ಕಳೆದವರಿಗೆ ಗೊತ್ತು.

ಮಾಳಿಗೆಯ ವಿಷಯವನ್ನು ಮಾತ್ರ ಯಾರೂ ಕೇಳುವುದಿಲ್ಲ, ನಾನೇ ಎತ್ತುತ್ತೇನೆ. ನಮ್ಮ ಕಡೆ ಮಾಳಿಗೆ ಎಂದರೆ ಬೇಸಿಗೆಯ ಮಲಗುವ ಮನೆ. ಶಾವಿಗೆ, ಸಂಡಿಗೆ, ಹಪ್ಪಳ ಒಣಗುವುದೂ ಅಲ್ಲೇ. ಮೇಲಿನ ಮನೆಯವರು ಹಗಲೆಲ್ಲಾ ಕಾದ ಛಾವಣಿಯ ಕೆಳಗೆ ಬೇಯುತ್ತಾರೆ. ಅವರಿಗೆ ರಾತ್ರಿ ಮಾಳಿಗೆಗೆ ಹೋಗುವ ಹಕ್ಕಿಲ್ಲ ಎನ್ನುವುದು ನನ್ನ ಮಟ್ಟಿಗೆ ಅನ್ಯಾಯ. ನಮ್ಮಲ್ಲಿ ಮಾಳಿಗೆಯ ಪೂರ್ವದ ಅರ್ಧ ಅವರದು, ಟ್ಯಾಂಕ್ ಇರುವ ಅರ್ಧ ನಮ್ಮದು. ಬೇಸಿಗೆ ಕಾಲಿಡುವ ಮೊದಲು ಇಡೀ ಮಾಳಿಗೆಗೆ ಸುಣ್ಣ ಬಳಿಸುವ ಖರ್ಚು ನಮ್ಮದೇ. ಹೊಸದಾಗಿ ಕಟ್ಟಿಸುವವರು ಮೆಟ್ಟಿಲನ್ನು ಹೊರಗಿನಿಂದಲೇ ಇಡಿಸಿ. ನಿಮ್ಮ ಪಡಸಾಲೆ ದಾಟಿ ಯಾರೂ ಮೇಲೆ ಹೋಗುವಂತಿರಬಾರದು.

ಇನ್ನೊಂದು ಪದ್ಧತಿ ಇದೆ: ಇಡೀ ಮನೆ ಬಾಡಿಗೆಗೆ ಕೊಟ್ಟು, ಒಳಗಿನ ಒಂದು ಕೋಣೆಗೆ ಬೀಗ ಜಡಿದು ಅದರಲ್ಲಿ ಹಳೆಯ ಪೆಟ್ಟಿಗೆ, ಪಾತ್ರೆ, ಮಂಚ ತುಂಬಿಡುವುದು. ಶರಣಬಸವೇಶ್ವರ ಜಾತ್ರೆಗೋ, ಬಂದೇನವಾಜ್ ಉರುಸಿಗೋ, ಆಸ್ಪತ್ರೆಗೋ ಊರಿಗೆ ಬಂದಾಗ ಬೀಗ ತೆಗೆದು ಉಳಿದುಕೊಳ್ಳುವುದು. ಇದನ್ನು ನಾನು ಖಡಾಖಂಡಿತವಾಗಿ ಬೇಡ ಎನ್ನುತ್ತೇನೆ. ಬೇರೆಯವರ ಅಡುಗೆಮನೆಯ ಮುಂದೆ ಹಾದು ನಿಮ್ಮ ಕೋಣೆಗೆ ಹೋಗುವುದು ಅವರಿಗೂ ಮುಜುಗರ, ನಿಮಗೂ ಮುಜುಗರ. ಒಂದು ಕೋಣೆ ಬೇಕೇ ಬೇಕಾದರೆ ಹೊರಗಿನಿಂದ ಬಾಗಿಲು, ಪಕ್ಕದಲ್ಲೇ ಸ್ನಾನದ ಮನೆ ಇರುವ ಕೋಣೆಯನ್ನು ಇಟ್ಟುಕೊಳ್ಳಿ. ಅದಿಲ್ಲದಿದ್ದರೆ ಗೋಡೆ ಒಡೆದು ಬಾಗಿಲು ಇಡಿಸಿ.

ಕರಾರು ಪತ್ರದಲ್ಲಿ ಒಂದು ತಪ್ಪು ಮತ್ತೆ ಮತ್ತೆ ಕಣ್ಣಿಗೆ ಬೀಳುತ್ತದೆ. ಬರೆಯುವವರು ಖರೀದಿ ಪತ್ರವನ್ನು ಮುಂದಿಟ್ಟುಕೊಂಡು ಅದರ ಚಕ್ಕುಬಂದಿಯನ್ನು, ಅಂದರೆ ಇಡೀ ಜಾಗದ ನಾಲ್ಕು ದಿಕ್ಕಿನ ಎಲ್ಲೆಯನ್ನು, ಹಾಗೆಯೇ ಇಳಿಸುತ್ತಾರೆ: ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಹಿಂದಿನ ಪ್ಲಾಟ್, ಉತ್ತರಕ್ಕೆ ಇಂಥವರ ಮನೆ. ಕಾಗದದ ಪ್ರಕಾರ ನೀವು ಮಲಗುವ ಕೋಣೆಯೂ ಬಾಡಿಗೆಗೆ ಹೋಯಿತು! "ಮೊದಲ ಮಹಡಿಯ ಎರಡು ಕೋಣೆ, ಅಡುಗೆಮನೆ, ಸ್ನಾನದ ಮನೆ, ಮೆಟ್ಟಿಲು, ಗೇಟು ಇಬ್ಬರ ಬಳಕೆಗೆ, ಮಾಳಿಗೆಯ ಪೂರ್ವ ಭಾಗ, ಒಂದು ಬೈಕ್ ನಿಲ್ಲಿಸುವ ಜಾಗ" ಎಂದು ಬಿಡಿಸಿ ಬರೆಸಿ. ಹನ್ನೊಂದು ತಿಂಗಳಿಗೇ ಏಕೆ ಬರೆಸುತ್ತಾರೆ ಎಂದು ಕೇಳುವವರಿದ್ದಾರೆ. ಒಂದು ವರ್ಷ ಮೀರಿದ ಕರಾರನ್ನು ನೋಂದಣಿ ಮಾಡಿಸಲೇಬೇಕು, ಅದಕ್ಕೆ. ಮನೆ ಬಿಡುವ ಮುನ್ನ ಎಷ್ಟು ದಿನದ ನೋಟಿಸ್ ಎಂಬುದನ್ನೂ ಸೇರಿಸಿ. ಏನೂ ಬರೆಯದಿದ್ದರೆ ತಿಂಗಳ ಬಾಡಿಗೆಗೆ ಕಾನೂನು ಹೇಳುವುದು ಕೇವಲ 15 ದಿನ. ಮಕ್ಕಳ ಶಾಲೆ ಇಲ್ಲೇ ಇರುವ ಸಂಸಾರಕ್ಕೆ ಅದು ಏನೇನೂ ಸಾಲದು.

ಆದಾಯ ತೆರಿಗೆಯಲ್ಲಿ ಎರಡೂ ಭಾಗಗಳ ಲೆಕ್ಕ ಬೇರೆ ಬೇರೆ. ನೀವು ವಾಸಿಸುವ ಭಾಗದ ಆದಾಯ ಸೊನ್ನೆ. ಬಾಡಿಗೆಗೆ ಕೊಟ್ಟ ಭಾಗದಲ್ಲಿ, ಬಂದ ಬಾಡಿಗೆಯಿಂದ ಆ ಭಾಗಕ್ಕೆ ನೀವು ಕಟ್ಟಿದ ಆಸ್ತಿ ತೆರಿಗೆ ಕಳೆದು, ಉಳಿದುದರಲ್ಲಿ ಶೇ. 30ರಷ್ಟು ನೇರ ಕಡಿತ ಸಿಗುತ್ತದೆ, ರಿಪೇರಿ ಮಾಡಿಸಿರಲಿ ಬಿಡಲಿ. ಮನೆ ಸಾಲ ಇದ್ದರೆ ಬಡ್ಡಿಯನ್ನು ವಿಸ್ತೀರ್ಣದ ಪ್ರಕಾರ ಹಂಚಿಕೊಳ್ಳಿ.

ಯಾರಿಗೆ ಕೊಡಬೇಕು ಎಂಬುದು ಕೊನೆಗೆ ಬರುವ ಪ್ರಶ್ನೆ. ಆಳಂದ, ಸೇಡಂ, ಚಿಂಚೋಳಿಯಿಂದ ನರ್ಸಿಂಗ್ ಕೆಲಸಕ್ಕೆ, ಓದಲಿಕ್ಕೆ ಬಂದ ಹೆಣ್ಣುಮಕ್ಕಳು ಮನೆ ಮನೆ ಅಲೆಯುತ್ತಾರೆ. "ಸಂಸಾರಸ್ಥರಿಗೆ ಮಾತ್ರ" ಎಂಬ ಬೋರ್ಡು ನೋಡಿ ತಿರುಗುತ್ತಾರೆ. ಕೆಲವರು ಜಾತಿ ಕೇಳಿಯೇ ಬಾಗಿಲು ಹಾಕುತ್ತಾರೆ. ನನಗೆ ಇದು ನಿಜಕ್ಕೂ ನೋವಿನ ಸಂಗತಿ. ಮಾಲೀಕರು ಕೆಳಗೇ ವಾಸವಿರುವ ಮನೆ ಅಂಥವರಿಗೆ ಎಲ್ಲಕ್ಕಿಂತ ಸುರಕ್ಷಿತ ಜಾಗ. ಅವರು ಬಂದು ಕೇಳಿದರೆ ಕೊಡಿ. ಗೇಟಿನ ಕೀಲಿಯನ್ನೂ ಒಂದು ಮಾಡಿಸಿ ಕೈಗೆ ಕೊಡಿ, ರಾತ್ರಿ ಪಾಳಿ ಮುಗಿಸಿ ಬಂದವರು ಹೊರಗೆ ನಿಂತು ನಿಮ್ಮನ್ನು ಕೂಗಬೇಕಾಗಬಾರದು.