ರಿಪ್ಲೈ ಕೊಟ್ಟಿದ್ದು ಯಾರು?

ದಾವಣಗೆರೆಯ ಒಂದು ಹೋಲ್‌ಸೇಲ್ ಅಂಗಡಿಯ ಕಂಪ್ಯೂಟರ್, ನೆಟ್‌ವರ್ಕ್ ನೋಡಿಕೊಳ್ಳುವ ಎಎಂಸಿ, ಅಂದರೆ ವಾರ್ಷಿಕ ನಿರ್ವಹಣೆ ಗುತ್ತಿಗೆ, ನನ್ನ ಹತ್ತಿರ ಇದೆ. ತಿಂಗಳಿಡೀ ಸುಮ್ಮನಿರುವ ಫೋನ್ 20ನೇ ತಾರೀಕು ಮಾತ್ರ ಬಡ್ಕೊಳ್ಳುತ್ತದೆ. ತಿಂಗಳ ಜಿಎಸ್‌ಟಿ ರಿಟರ್ನ್, ಜಿಎಸ್‌ಟಿಆರ್-3ಬಿ, ಫೈಲ್ ಮಾಡಲು ಕೊನೇ ದಿನ ಅಲ್ವಾ. "ಸಾರ್, ಟ್ಯಾಲಿ ಸ್ವಲ್ಪ ಹೊತ್ತು ಇರುತ್ತೆ, ಆಮೇಲೆ ಹೋಗುತ್ತೆ. ಬೇಗ ಬನ್ನಿ" ಅಂದರು ಅಕೌಂಟ್ಸ್ ಮೇಡಂ. ಟ್ಯಾಲಿ ಅಂದರೆ ಅವರ ಲೆಕ್ಕದ ಸಾಫ್ಟ್‌ವೇರ್, ಸರ್ವರ್ ಮೇಲಿದೆ.

ಬಿಲ್ಲಿಂಗ್ ಕೌಂಟರ್‌ನಿಂದ ಸರ್ವರ್‌ಗೆ, ಅಂದರೆ 192.168.1.10 ಅನ್ನೋ ಐಪಿ ಅಡ್ರೆಸ್‌ಗೆ, ಪಿಂಗ್ ಹಾಕಿದೆ, ಅಂದರೆ 'ಇದ್ದೀಯಾ?' ಅಂತ ಕೇಳಿದೆ. ಚಕಚಕ ರಿಪ್ಲೈ ಬಂತು. ನೆಟ್‌ವರ್ಕ್ ಚೆನ್ನಾಗಿದೆ, ಟ್ಯಾಲಿಯವರನ್ನು ಕೇಳಿ ಅಂದೆ. ಟ್ಯಾಲಿ ಹುಡುಗ ರಿಮೋಟ್‌ನಲ್ಲಿ ನೋಡಿ, ನೆಟ್‌ವರ್ಕ್‌ನವರನ್ನು ಕೇಳಿ ಅಂದ. ಓನರ್ ನಮ್ಮಿಬ್ಬರನ್ನೂ ಒಂದೇ ಉಸಿರಿನಲ್ಲಿ ಬೈದರು. ಅಲ್ಲಿಂದ ಕೇಬಲ್ ಬದಲಿಸಿದ್ದಾಯ್ತು, ಹೊಸ ಕನೆಕ್ಟರ್ ಕ್ರಿಂಪ್ ಮಾಡಿದ್ದಾಯ್ತು, ಸ್ವಿಚ್ ಆಫ್ ಮಾಡಿ ಆನ್ ಮಾಡಿದ್ದಾಯ್ತು.

ಪಿಂಗ್ ಕಿಟಕಿ ಪಕ್ಕದಲ್ಲಿ ಓಡುತ್ತಲೇ ಇತ್ತು. ಅದು 'ರಿಕ್ವೆಸ್ಟ್ ಟೈಮ್ಡ್ ಔಟ್' ಅಂದ ಹೊತ್ತಿಗೇ ಮೇಡಂ ಕೂಗಿದರು: "ಬಂತು ಸಾರ್, ಟ್ಯಾಲಿ ಬಂತು!" ಸ್ವಲ್ಪ ಹೊತ್ತಿಗೆ ಪಿಂಗ್ ಶುರುವಾಯ್ತು. ಟ್ಯಾಲಿ ಹೋಯ್ತು.

ಆಗ ರಿಪ್ಲೈ ಸಾಲನ್ನು ಕೊನೇ ತನಕ ಓದಿದೆ. ಟಿಟಿಎಲ್ (ಉತ್ತರ ಕೊಡುವ ಮಷೀನ್ ಅದರ ಜೊತೆ ಕಳಿಸುವ ಒಂದು ಅಂಕಿ) 64. ಸರ್ವರ್ ವಿಂಡೋಸ್, ಅಲ್ಲಿಂದ ಬಂದರೆ 128 ಇರಬೇಕು. 64 ಬಂದರೆ ಸಾಮಾನ್ಯವಾಗಿ ಲಿನಕ್ಸ್. ಅಷ್ಟೇ ಅಲ್ಲ, ಆ ಸರ್ವರ್‌ನ ಆಂಟಿವೈರಸ್ ಪಿಂಗ್‌ಗೆ ಉತ್ತರವನ್ನೇ ಕೊಡುವುದಿಲ್ಲ. ಅಂದರೆ ಬೆಳಿಗ್ಗೆಯಿಂದ ನನಗೆ ಉತ್ತರ ಕೊಡುತ್ತಿದ್ದದ್ದು ಬೇರೆ ಯಾರೋ!

ಸರ್ವರ್‌ನ ಈವೆಂಟ್ ವ್ಯೂವರ್ ತೆಗೆದರೆ 4199, ಅಂದರೆ 'ನಿನ್ನ ಐಪಿ ಅಡ್ರೆಸ್ಸೇ ಇನ್ನೊಬ್ಬರ ಹತ್ತಿರವೂ ಇದೆ' ಅನ್ನೋ ಎಚ್ಚರಿಕೆ, ಸಾಲಾಗಿ ಕೂತಿದೆ, ಎದುರಾಳಿಯ ಮ್ಯಾಕ್ ಅಡ್ರೆಸ್ (ನೆಟ್‌ವರ್ಕ್ ಕಾರ್ಡಿನ ಸ್ವಂತ ನಂಬರ್) ಸಮೇತ. ಅದರ ಮೊದಲ ಆರು ಅಕ್ಷರ ಹಾಕಿ ಹುಡುಕಿದೆ. ಕ್ಯಾಮೆರಾ ಕಂಪನಿ. ಸ್ಕ್ರೀನ್ ಮೂಲೆಯಲ್ಲಿ ಐಪಿ ಕಾನ್‌ಫ್ಲಿಕ್ಟ್ ಮೆಸೇಜ್ ಕೂಡ ಬಂದಿತ್ತಂತೆ, ಮೇಡಂ ಓಕೆ ಒತ್ತಿ ಕ್ಲೋಸ್ ಮಾಡಿದ್ದರು.

ಮ್ಯಾನೇಜ್ಡ್ ಸ್ವಿಚ್ ಇದ್ದಿದ್ದರೆ ಆ ಮ್ಯಾಕ್ ಯಾವ ಪೋರ್ಟಿನಲ್ಲಿದೆ ಅಂತ ಕೂತಲ್ಲೇ ನೋಡಬಹುದಿತ್ತು. ಇಲ್ಲಿರುವುದು ಸಾದಾ ಡಬ್ಬ. ಹಾಗಾಗಿ ಮೊದಲು ಸರ್ವರ್ ಕೇಬಲ್ಲನ್ನೇ ಕಿತ್ತೆ. ಆದರೂ 192.168.1.10 ಆರಾಮಾಗಿ ರಿಪ್ಲೈ ಕೊಡುತ್ತಿತ್ತು. ಆಮೇಲೆ ಒಂದೊಂದೇ ಕೇಬಲ್ ಕೀಳುತ್ತಾ ಹೋದೆ. ಹಿಂದೆ ಓನರ್ ಕಿರುಚಾಟ, ಮುಂದೆ ಬಿಲ್‌ಗೆ ಕಾಯುವ ಗಿರಾಕಿಗಳು. ಲೇಬಲ್ ಇಲ್ಲದ ಒಂದು ಬೂದು ಕೇಬಲ್ ತೆಗೆದೆ ನೋಡಿ, ಪಿಂಗ್ ನಿಂತಿತು. ಹಿಂಬಾಲಿಸಿದರೆ ಗೋಡೌನ್‌ನ ಹೊಸ ಡಿವಿಆರ್, ಸಿಸಿಟಿವಿ ರೆಕಾರ್ಡ್ ಮಾಡುವ ಪೆಟ್ಟಿಗೆ.

ಸಿಸಿಟಿವಿ ಹುಡುಗನಿಗೆ ಫೋನ್ ಮಾಡಿದೆ. "ಪಿಂಗ್ ಮಾಡಿ ನೋಡೇ ಹಾಕಿದ್ದು ಸಾರ್, ರಿಪ್ಲೈ ಬರಲಿಲ್ಲ, ಖಾಲಿ ಇತ್ತು" ಅಂದ. ಅದೇ ಪಿಂಗ್ ನನಗೂ ಟೋಪಿ ಹಾಕಿತ್ತು, ಜಾಸ್ತಿ ಬೈಯಲಿಲ್ಲ. ಪಿಂಗ್‌ಗೆ ಸುಮ್ಮನಿದ್ದರೂ ಅದೇ ಲ್ಯಾನ್‌ನಲ್ಲಿರುವ ಮಷೀನ್ ಎಆರ್‌ಪಿಗೆ, ಅಂದರೆ 'ಈ ಐಪಿ ಯಾರದು, ಮ್ಯಾಕ್ ಹೇಳಿ' ಅನ್ನೋ ಪ್ರಶ್ನೆಗೆ, ಉತ್ತರ ಕೊಡಲೇಬೇಕು. ಪಿಂಗ್ ಹಾಕಿದ ಮೇಲೆ 'ಎಆರ್‌ಪಿ -ಎ' ಹೊಡೆದಿದ್ದರೆ ಸರ್ವರ್‌ನ ಮ್ಯಾಕ್ ಕಾಣುತ್ತಿತ್ತು ಅಂತ ಹೇಳಿಕೊಟ್ಟೆ.

ಡಿವಿಆರ್‌ಗೆ 192.168.1.210 ಕೊಟ್ಟೆ. ರೂಟರ್‌ನ ಡಿಎಚ್‌ಸಿಪಿ, ಅಂದರೆ ತಾನೇ ಅಡ್ರೆಸ್ ಹಂಚುವ ವ್ಯವಸ್ಥೆ, 100ರಿಂದ 199ರವರೆಗೆ ಹಂಚುತ್ತದೆ, ಅದರ ದಾರಿಗೂ ಅಡ್ಡ ಬರುವುದಿಲ್ಲ. ಕೌಂಟರ್ ಮಷೀನ್‌ಗಳ ಎಆರ್‌ಪಿ ಕ್ಯಾಶ್, ಅಂದರೆ ಅವು ನೆನಪಿಟ್ಟುಕೊಂಡ ಹಳೇ ಮ್ಯಾಕ್ ಪಟ್ಟಿ, ಅಳಿಸಿದೆ. ಯಾವ ಅಡ್ರೆಸ್ ಯಾರದು ಅಂತ ಪಟ್ಟಿ ಬರೆದು ರ‍್ಯಾಕ್ ಬಾಗಿಲಿಗೆ ಅಂಟಿಸಿದೆ. ರಿಟರ್ನ್ ಸಂಜೆಯೊಳಗೆ ಹೋಯ್ತು.

ಮ್ಯಾನೇಜ್ಡ್ ಸ್ವಿಚ್‌ಗೆ ಕೊಟೇಷನ್ ಕಳಿಸಿದ್ದೇನೆ. "ಈಗ ಸರಿ ಹೋಯ್ತಲ್ಲ, ಇನ್ನೇಕೆ?" ಅಂತಾರೆ ಓನರ್.