ಹಿಂದಿನ ಸಾಲಿನವರು ಮೊದಲು ನಕ್ಕರು

ಕಾಲೇಜಿನಲ್ಲಿ ನಾನು ಸ್ಟೇಜ್ ಹತ್ತಿದವನಲ್ಲ. ಶನಿವಾರ ಸಂಜೆ ನಮ್ಮ ಇಂಗ್ಲಿಷ್ ಮೇಷ್ಟ್ರು ಹಾಲ್‌ನಲ್ಲಿ ಬೇರೆ ದೇಶದ ಸಿನಿಮಾ ತೋರಿಸುತ್ತಿದ್ದರು. ಕುರ್ಚಿ ಹಾಕುವುದು, ಕಿಟಕಿಗೆ ಚಾದರ ಕಟ್ಟುವುದು ನನ್ನ ಪಾಲು. "ಮುಗಿದ ಕೂಡಲೇ ಲೈಟ್ ಹಾಕಬೇಡ ಮಾರಾಯ, ಜನ ಸ್ವಲ್ಪ ಹೊತ್ತು ಸುಮ್ನೆ ಕೂತಿರಲಿ" ಅನ್ನುತ್ತಿದ್ದರು.

ಓದಲು ಸ್ಕಾಟ್ಲೆಂಡಿನ ಎಡಿನ್‌ಬರಾಕ್ಕೆ ಹೋದಾಗ ಅದೇ ಕೆಲಸ ಮತ್ತೆ ಸಿಕ್ಕಿತು. ಆ ಊರಲ್ಲಿ 2006ರಲ್ಲಿ 'ಆಫ್ರಿಕಾ ಇನ್ ಮೋಷನ್' ಎಂಬ ಚಿತ್ರೋತ್ಸವ ಶುರುವಾಗಿತ್ತು. ಅಲ್ಲಿ ನೋಡಿದ ಸಿನಿಮಾಗಳ ಗುಂಗಿನಲ್ಲಿ ನಾವು ಏಳೆಂಟು ಜನ ಸೇರಿ, ಬಡಾವಣೆಯ ಒಂದು ಹಾಲ್‌ನಲ್ಲಿ ತಿಂಗಳಿಗೊಂದು ಆಫ್ರಿಕಾದ ಚಿತ್ರ ತೋರಿಸತೊಡಗಿದೆವು. ಟಿಕೆಟ್ ಇಲ್ಲ. ಬಾಗಿಲ ಬಳಿ ಒಂದು ಬಿಸ್ಕತ್ತಿನ ಡಬ್ಬಿ, ಮನಸ್ಸಿದ್ದವರು ಹಾಕಲಿ ಅಂತ. ಚಿತ್ರ ತೋರಿಸುವ ಹಕ್ಕಿಗೆ ದುಡ್ಡು ಕಟ್ಟಬೇಕಲ್ವಾ, ಡಬ್ಬಿ ಯಾವತ್ತೂ ಸಾಲುತ್ತಿರಲಿಲ್ಲ.

ಮರೆಯಲಾಗದ್ದು 'ಮಂಡಾಬಿ' ತೋರಿಸಿದ ರಾತ್ರಿ. 1968ರದ್ದು, ಸೆನೆಗಲ್‌ನ ಉಸ್ಮಾನ್ ಸೆಂಬೆನ್ ಮಾಡಿದ್ದು. ಈ ಮನುಷ್ಯ ಫ್ರಾನ್ಸಿನ ಮಾರ್ಸೇ ಬಂದರಿನಲ್ಲಿ ಮೂಟೆ ಹೊತ್ತವರು. ಫ್ರೆಂಚ್‌ನಲ್ಲಿ ಕಾದಂಬರಿ ಬರೆದರು. ತಮ್ಮೂರಿನ ಹೆಚ್ಚಿನವರಿಗೆ ಅದನ್ನು ಓದಲಾಗದು ಅನ್ನಿಸಿ, ನಲವತ್ತರ ಹೊತ್ತಿಗೆ ಮಾಸ್ಕೋಗೆ ಹೋಗಿ ಸಿನಿಮಾ ಕಲಿತರು. ಆಮೇಲೆ ಚಿತ್ರಗಳನ್ನು ಹಳ್ಳಿಹಳ್ಳಿಗೆ ಒಯ್ದು ತೋರಿಸಿ, ಜನರ ಜೊತೆ ಮಾತಾಡುತ್ತಿದ್ದರು. ಸಿನಿಮಾವನ್ನು ರಾತ್ರಿ ಶಾಲೆ ಎಂದು ಕರೆದವರು ಅವರು.

'ಮಂಡಾಬಿ' ಅಂದರೆ ಮನಿ ಆರ್ಡರ್. ಪ್ಯಾರಿಸ್‌ನಲ್ಲಿ ಬೀದಿ ಗುಡಿಸುವ ಹುಡುಗ ಸೆನೆಗಲ್‌ನ ರಾಜಧಾನಿ ಡಾಕರ್‌ನಲ್ಲಿರುವ ಸೋದರಮಾವ ಇಬ್ರಾಹಿಮನಿಗೆ 25,000 ಫ್ರಾಂಕ್ ಕಳಿಸುತ್ತಾನೆ. ಪೋಸ್ಟಾಫೀಸಿನವರು ಗುರುತಿನ ಚೀಟಿ ಕೇಳುತ್ತಾರೆ. ಚೀಟಿಗೆ ಜನನ ಪತ್ರ ಬೇಕು. ಅದಕ್ಕೆ ಹುಟ್ಟಿದ ತಾರೀಕು ಬೇಕು. ಯಾರಿಗೆ ಗೊತ್ತು ಅದು? ದುಡ್ಡು ಕೈಗೆ ಬರುವ ಮೊದಲೇ ನೆರೆಯವರು ಸಾಲ ಕೇಳಲು ಸಾಲುಗಟ್ಟುತ್ತಾರೆ. ನನಗಂತೂ ಪಿಂಚಣಿಗಾಗಿ ತಾಲೂಕು ಕಚೇರಿಗೆ ಅಲೆದ ನಮ್ಮ ತಾತನೇ ಪರದೆ ಮೇಲೆ ಬಂದ ಹಾಗಾಯಿತು.

ಮಾತು ಸೆನೆಗಲ್ ಜನರಾಡುವ ವೊಲೊಫ್ ಭಾಷೆಯದು, ಕೆಳಗೆ ಇಂಗ್ಲಿಷ್ ಅಕ್ಷರ. ಹಿಂದಿನ ಸಾಲಿನಲ್ಲಿ ಸೆನೆಗಲ್‌ನ ಇಬ್ಬರು ಹೆಂಗಸರು ಕೂತಿದ್ದರು. ಮೊದಲು ಅವರು ನಗುತ್ತಿದ್ದರು. ಆಮೇಲೆ ಹಾಲ್ ನಗುತ್ತಿತ್ತು. ನಡುವೆ ಯಾರೋ ಚಹಾ ಕೆಟಲ್ ಹಚ್ಚಿ ಫ್ಯೂಸ್ ಹೋಯಿತು. ಕತ್ತಲಲ್ಲೇ ಅವರಲ್ಲೊಬ್ಬರು ಇಬ್ರಾಹಿಮನ ಒಂದು ಬೈಗುಳವನ್ನು ಬಿಡಿಸಿ ಹೇಳಿದರು. ಪರದೆ ಮೇಲೆ ಮೂರೇ ಪದವಾಗಿದ್ದದ್ದು ಅವರ ಬಾಯಲ್ಲಿ ಹತ್ತು ನಿಮಿಷ ಆಯಿತು. ನಿಜ ಹೇಳಬೇಕೆಂದರೆ, ಸಿನಿಮಾಕ್ಕಿಂತ ಅದೇ ಜಾಸ್ತಿ ಚೆನ್ನಾಗಿತ್ತು.

ಚಿತ್ರ ಮುಗಿಯಿತು. ನಾನು ಲೈಟ್ ಹಾಕಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಊರಿನ ಒಬ್ಬ ಹಿರಿಯರು ಎದ್ದು, "ಪಾಪ ಆ ಜನ, ಅವರಿಗೆ ನಾವೇನು ಸಹಾಯ ಮಾಡಬಹುದು?" ಎಂದು ಕೇಳಿದರು. ಆಫ್ರಿಕಾದ ಯಾವ ಸಿನಿಮಾ ತೋರಿಸಿದರೂ ಈ ಪ್ರಶ್ನೆ ತಪ್ಪದು. ನನಗೆ ರೇಗುತ್ತಿತ್ತು. ಹಿಂದಿನ ಸಾಲಿನ ಆಕೆಗೆ ರೇಗಲಿಲ್ಲ.

"ಯಾಕೆ, ನಿಮ್ಮ ಪೋಸ್ಟಾಫೀಸಿನಲ್ಲಿ ಕೆಲಸ ಸಲೀಸಾಗಿ ಆಗುತ್ತದಾ?" ಅಂದರು.

ಈ ಸಲ ಎಲ್ಲರೂ ಒಟ್ಟಿಗೇ ನಕ್ಕರು. ಕೇಳಿದವರೂ. ಕುರ್ಚಿ ಮಡಚಿ ಇಡುವಷ್ಟರಲ್ಲಿ ಕೊನೆಯ ಬಸ್ಸು ಹೋಗಿತ್ತು.