ಒಂದೇ ಕಿವಿಯಲ್ಲಿ ‘ಫ್ರೀ ಜಾಝ್’

ಕಳೆದ ತಿಂಗಳು ನನ್ನ ಇಯರ್‌ಫೋನಿನ ಬಲಗಡೆ ಕೆಟ್ಟುಹೋಯಿತು. ಹಾಗೇ ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಆರ್ನೆಟ್ ಕೋಲ್ಮನ್ ಅವರ ‘ಫ್ರೀ ಜಾಝ್’ ಆಲ್ಬಮ್ ಹಾಕಿದೆ. ಅರ್ಧ ತಂಡವೇ ಮಾಯ!

1960ರ ಡಿಸೆಂಬರ್ 21ರಂದು ನ್ಯೂಯಾರ್ಕಿನಲ್ಲಿ ರೆಕಾರ್ಡ್ ಆದ ಆಲ್ಬಮ್ ಇದು. ಎರಡು ಕ್ವಾರ್ಟೆಟ್ (ನಾಲ್ವರ ತಂಡ), ಎಂಟು ಜನ, ಸುಮಾರು 37 ನಿಮಿಷ. ಸ್ಟೀರಿಯೋದಲ್ಲಿ ಒಂದು ತಂಡ ಎಡಕ್ಕೆ, ಇನ್ನೊಂದು ಬಲಕ್ಕೆ. ನನಗೆ ಉಳಿದದ್ದು ಕೋಲ್ಮನ್ ಸ್ಯಾಕ್ಸ್, ಡಾನ್ ಚೆರಿಯ ಪುಟ್ಟ ಟ್ರಂಪೆಟ್, ಸ್ಕಾಟ್ ಲಫಾರೊ ಬೇಸ್, ಬಿಲ್ಲಿ ಹಿಗ್ಗಿನ್ಸ್ ಡ್ರಮ್ಸ್.

ಹಿಗ್ಗಿನ್ಸ್ ಅವರ ಸಿಂಬಲ್, ಅಂದರೆ ಡ್ರಮ್ಸ್ ಜೊತೆಗಿನ ಲೋಹದ ತಟ್ಟೆ, ಸರಿಯಾಗಿ ಕೇಳಿಸಿದ್ದು ಆವತ್ತೇ. ಹಗುರವಾಗಿ, ದಣಿಯದೆ ಓಡುತ್ತಲೇ ಇರುತ್ತದೆ. ಒಬ್ಬರು ಸೋಲೋ ನುಡಿಸುವಾಗ ಉಳಿದವರು ಸುಮ್ನೆ ಇರುವುದಿಲ್ಲ. ಜಗಲಿಯ ಮೇಲೆ ಒಬ್ಬರ ಕತೆಗೆ ಇನ್ನೊಬ್ಬರು ‘ಹೂಂ, ಆಮೇಲೆ?’ ಅನ್ನುತ್ತಾರಲ್ವಾ, ಹಾಗೆ ನಡುವೆ ಪುಟ್ಟ ಸ್ವರದ ತುಣುಕು ಸೇರಿಸುತ್ತಾರೆ. ಕೆಲವೊಮ್ಮೆ ಅದೇ ತುಣುಕನ್ನು ಹಿಡಿದು ಎಲ್ಲರೂ ಒಟ್ಟಿಗೆ ಏಳುತ್ತಾರೆ. ಇದನ್ನು ಬರೀ ಗದ್ದಲ ಅಂದರೆ ನನಗೆ ನಿಜವಾಗಿಯೂ ಬೇಜಾರಾಗುತ್ತದೆ. ಇಷ್ಟು ಗಮನ ಕೊಟ್ಟು ಒಬ್ಬರನ್ನೊಬ್ಬರು ಕೇಳಿಸಿಕೊಳ್ಳುವ ಜನ ಕಡಿಮೆ.

ನಿನ್ನೆ ಹೊಸ ಇಯರ್‌ಫೋನ್ ಬಂತು. ಬಲಗಿವಿಯಲ್ಲಿ ಇನ್ನೊಂದು ತಂಡದ ಎರಿಕ್ ಡಾಲ್ಫಿಯ ಬೇಸ್ ಕ್ಲಾರಿನೆಟ್, ಆ ತಗ್ಗು ದನಿಯ ಊದುವಾದ್ಯ, ಗುರುಗುಟ್ಟಿತು. ಒಲೆ ಮೇಲಿದ್ದ ಹಾಲು ಉಕ್ಕಿಹೋಯಿತು, ನಾನು ಅಲ್ಲೇ ನಿಂತಿದ್ದೆ.